ಕಡಲಿನ ಗಾಳಿಯಂತ್ರವೂ ತಿಮಿಂಗಿಲದ ಕಿವಿಯೂ

ಕಡಲಿನಿಂದ ೨೦೦ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಬಂಡೆಗಲ್ಲಿನ ಬೆಟ್ಟಗಳ ನಡುವೆ ಬಾಳುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಜನರಿಗೆ ತಿಮಿಂಗಿಲದ ಯೋಚನೆ ಏಕೆ ಬೇಕು ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆ ಅನುಚಿತವಾದುದೇನಲ್ಲ. ನಮ್ಮ ದಿನಪತ್ರಿಕೆಗಳಲ್ಲಿ ತಿಮಿಂಗಿಲದ ಹೆಸರು ಬರುವುದೇ ಅಪರೂಪ. ಬಂದರೂ ಬಹುಮಟ್ಟಿಗೆ ಅಂಬರ್‌ಗ್ರೀಸ್ ಕಳ್ಳಸಾಗಣೆಯವರನ್ನು ಪೋಲೀಸರು ಹಿಡಿದ ವಾರ್ತೆಯಲ್ಲಿ, ‘ತಿಮಿಂಗಿಲದ ವಾಂತಿ’ ಎಂಬ ಶೀರ್ಷಿಕೆಯ ಕೆಳಗೆ ಬರುತ್ತದೆ. ಆದರೂ ಈ ಲೇಖನವನ್ನು ನಾವು ಈ ನಾಲ್ಕು ತಾಲ್ಲೂಕುಗಳ ವಾಚಕರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತಿದ್ದೇವೆ. ೨೦೧೩ರ ಡಿಸೆಂಬರ್ ೩೧ರಂದು ರಾಯಚೂರು–ಸೊಲ್ಲಾಪುರ ತಂತಿಮಾರ್ಗದ ಮೂಲಕ ದಕ್ಷಿಣ ಭಾರತದ ವಿದ್ಯುಜ್ಜಾಲವು ದೇಶದ ಉಳಿದ ಜಾಲದೊಡನೆ ಕೂಡಿಕೊಂಡಿತು. ಅಂದಿನಿಂದ, ಚನ್ನಪಟ್ಟಣದ ಬೊಂಬೆಯ ಲೇತನ್ನು ತಿರುಗಿಸುವ, ರಾಮನಗರದಲ್ಲಿ ರೇಷ್ಮೆನೂಲು ಬಿಚ್ಚುವ ಯಂತ್ರವನ್ನು ನಡೆಸುವ ವಿದ್ಯುತ್ತು ಯಾವ ಊರಿನ ಯಾವ ಯಂತ್ರದಲ್ಲಿ ಹುಟ್ಟಿದುದೆಂದು ಬೇರ್ಪಡಿಸಿ ಹೇಳುವಂತಿಲ್ಲ. ನಾಳೆ ಗುಜರಾತಿನ ಅಥವಾ ತಮಿಳುನಾಡಿನ ಕಡಲಿನಲ್ಲಿ ಗಾಳಿಯಂತ್ರಗಳು ಎದ್ದರೆ ಅವುಗಳ ವಿದ್ಯುತ್ತಿನಲ್ಲಿ ನಮಗೂ ಪಾಲುಂಟು. ಪಾಲುಂಟಾದ ಮೇಲೆ ಅದು ಹೇಗೆ ಹುಟ್ಟಿತೆಂದು ವಿಚಾರಿಸುವ ಬಾಧ್ಯತೆಯೂ ಉಂಟು.

ಯೋಜನೆಯ ಸಂಗತಿಯನ್ನು ಚುಟುಕಾಗಿ ಹೇಳಿಬಿಡುತ್ತೇವೆ. ಭಾರತ ಸರ್ಕಾರವು ಕಡಲಿನ ಗಾಳಿವಿದ್ಯುತ್ತಿನ ಬಗೆಗೆ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿದುದು ೨೦೧೫ರಲ್ಲಿ. ಚೆನ್ನೈಯಲ್ಲಿರುವ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯು ಇದರ ತಾಂತ್ರಿಕ ಹೊಣೆಯನ್ನು ಹೊತ್ತಿತು. ೨೦೧೭ರಲ್ಲಿ ಖಂಭಾತ್ ಕೊಲ್ಲಿಯ ನೀರಿನಲ್ಲಿ ಒಂದು ಅಟ್ಟಣೆಯನ್ನು ನಿಲ್ಲಿಸಿ, ಅದರ ಮೇಲೆ ಬೆಳಕಿನ ಕಿರಣಗಳಿಂದ ಗಾಳಿಯ ವೇಗವನ್ನು ಅಳೆಯುವ ಲೈಡಾರ್ ಎಂಬ ಉಪಕರಣವನ್ನಿರಿಸಿ, ಗಾಳಿಯ ಲೆಕ್ಕವನ್ನು ಬರೆದುಕೊಳ್ಳಲು ಪ್ರಾರಂಭಿಸಿದರು. ೨೦೨೪ರ ಜೂನ್ ತಿಂಗಳಿನಲ್ಲಿ ಕೇಂದ್ರ ಸಚಿವ ಸಂಪುಟವು ಗುಜರಾತಿನ ಕಡಲಿನಲ್ಲಿ ೫೦೦, ತಮಿಳುನಾಡಿನ ಕಡಲಿನಲ್ಲಿ ೫೦೦, ಒಟ್ಟು ೧,೦೦೦ ಮೆಗಾವಾಟ್ ಸಾಮರ್ಥ್ಯದ ಸ್ಥಾಪನೆಯೂ ಸೇರಿದ ೭,೪೫೩ ಕೋಟಿ ರೂಪಾಯಿಗಳ ನೆರವಿಗೆ ಒಪ್ಪಿಗೆ ಕೊಟ್ಟಿತು. ಇಷ್ಟಾದರೂ ನಮ್ಮ ಕಡಲಿನಲ್ಲಿ ವಿದ್ಯುತ್ತನ್ನು ಮಾರುವ ಒಂದು ಗಾಳಿಯಂತ್ರವೂ ಇನ್ನೂ ತಲೆಯೆತ್ತಿಲ್ಲ. ಆಡಬೇಕಾದ ಮಾತನ್ನು ಆಡಲು ಇದೇ ಕಾಲ.

ನಮ್ಮ ಮಾತು ಇಷ್ಟೆ. ಗಾಳಿ ಎಷ್ಟು ಬೀಸುತ್ತದೆಂಬುದನ್ನು ವರ್ಷಗಟ್ಟಲೆ ಅಳೆಯದೆ ಯಾರೂ ಗಾಳಿಯಂತ್ರಕ್ಕೆ ಹಣ ಹಾಕುವುದಿಲ್ಲ. ಅದೇ ನೀರಿನ ಅಡಿಯಲ್ಲಿ ಯಾವ ಜೀವಿಗಳು ಯಾವ ತಿಂಗಳಿನಲ್ಲಿ ಸುಳಿದಾಡುತ್ತವೆಂಬುದನ್ನೂ ಅಷ್ಟೇ ವರ್ಷಗಳ ಕಾಲ ಕಿವಿಗೊಟ್ಟು ಕೇಳಿ ಬರೆದಿಡದೆ ಅಲ್ಲಿ ಸುತ್ತಿಗೆಯನ್ನು ಎತ್ತಕೂಡದು. ಗಾಳಿಯ ಲೆಕ್ಕ ಹಣಕ್ಕಾಗಿ ಬೇಕು, ತಿಮಿಂಗಿಲದ ಲೆಕ್ಕ ದಯೆಗಾಗಿ ಬೇಕು ಎಂದು ಇವೆರಡನ್ನು ಬೇರೆ ಬೇರೆ ತಕ್ಕಡಿಗಳಲ್ಲಿ ತೂಗುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಸುತ್ತಿಗೆ ಎಂದೆವಷ್ಟೆ. ಅದೇನೆಂಬುದನ್ನು ಸ್ವಲ್ಪ ವಿವರಿಸಬೇಕು. ಕಡಲಿನಲ್ಲಿ ಗಾಳಿಯಂತ್ರವನ್ನು ನಿಲ್ಲಿಸಲು ಸಾಮಾನ್ಯವಾಗಿ ಒಂದು ಭಾರಿ ಉಕ್ಕಿನ ಕೊಳವೆಗಂಬವನ್ನು ತಳದ ಮಣ್ಣಿನೊಳಕ್ಕೆ ಬಡಿದು ಇಳಿಸುತ್ತಾರೆ. ಈಗಿನ ಕಂಬಗಳ ಅಡ್ಡಗಲ ೬ರಿಂದ ೧೦ ಮೀಟರ್. ನಮ್ಮ ಊರುಗಳ ಸಾಧಾರಣ ಮನೆಯೊಂದನ್ನು ಅದರ ಬಾಯೊಳಗೆ ಇಳಿಸಬಹುದು. ಹಡಗಿನ ಮೇಲಿನ ಯಂತ್ರಸುತ್ತಿಗೆಯು ಅದರ ತಲೆಯ ಮೇಲೆ ಒಂದೆರಡು ಸೆಕೆಂಡುಗಳಿಗೊಂದರಂತೆ ಏಟು ಹಾಕುತ್ತಾ ಹೋಗುತ್ತದೆ. ಒಂದು ಕಂಬಕ್ಕೆ ಸಾವಿರಾರು ಏಟುಗಳು ಬೇಕಾಗುತ್ತವೆ. ಪ್ರತಿ ಏಟಿಗೂ ಕೊಳವೆಯ ಗೋಡೆ ಗಂಟೆಯಂತೆ ಉಬ್ಬಿ ಕುಗ್ಗಿ, ಸುತ್ತಲಿನ ನೀರನ್ನು ಹೊಡೆಯುತ್ತದೆ.

ಬಂಡೆ ಸಿಡಿಸುವ ಸದ್ದು ನಮ್ಮ ಕಡೆಯವರಿಗೆ ಹೊಸದಲ್ಲ. ಕ್ಲೋಸ್‌ಪೇಟೆಯ ಗ್ರಾನೈಟ್ ಎಂದು ಭೂಗರ್ಭಶಾಸ್ತ್ರಜ್ಞರು ಹೆಸರಿಟ್ಟಿರುವುದು ರಾಮನಗರದ ಹಳೆಯ ಹೆಸರಿನಿಂದಲೇ. ಸುಮಾರು ೨೫೦ ಕೋಟಿ ವರ್ಷ ಹಳೆಯದಾದ ಈ ಕಲ್ಲನ್ನು ಗಣಿಗಳಲ್ಲಿ ಒಡೆಯುವಾಗ, ಕುಳಿಗಳಲ್ಲಿ ಮದ್ದು ತುಂಬಿದ ಮೇಲೆ ಕೆಂಪು ಬಾವುಟ ಹಿಡಿದು, ಕೂಗಿ, ದನಕರುಗಳನ್ನೂ ದೂರ ಅಟ್ಟಿ, ಆಮೇಲೆ ಸಿಡಿಸುವುದು ಕ್ರಮ. ಯಾರಿದ್ದಾರೆಂದು ನೋಡಿಯೇ ಸಿಡಿಸಬೇಕೆಂಬ ಈ ಸಾಮಾನ್ಯ ವಿವೇಕವನ್ನೇ ಕಡಲಿಗೆ ಕೊಂಡೊಯ್ದಾಗ ಎರಡು ತೊಡಕುಗಳು ಎದುರಾಗುತ್ತವೆ. ಮೊದಲನೆಯದು, ನೀರಿನೊಳಗಿರುವವರು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಎರಡನೆಯದು, ನೀರಿನಲ್ಲಿ ಸದ್ದು ಹೋಗುವ ದೂರ ನಮ್ಮ ನೆಲದ ಅನುಭವಕ್ಕೆ ನಿಲುಕುವಂಥದಲ್ಲ.

೧೮೨೬ರಲ್ಲಿ ಕೊಲ್ಲಾಡನ್ ಮತ್ತು ಸ್ಟರ್ಮ್ ಎಂಬ ಇಬ್ಬರು ಜಿನೀವಾ ಸರೋವರದಲ್ಲಿ ಒಂದು ಪ್ರಯೋಗ ಮಾಡಿದರು. ಒಂದು ದೋಣಿಯಿಂದ ನೀರಿನೊಳಕ್ಕೆ ಗಂಟೆಯನ್ನು ಇಳಿಬಿಟ್ಟು ಬಾರಿಸುವುದು, ಬಾರಿಸಿದ ಕ್ಷಣದಲ್ಲಿಯೇ ಮೇಲೆ ಮದ್ದಿನ ಬೆಳಕು ಮಾಡುವುದು. ಸುಮಾರು ೧೩ ಕಿಲೋಮೀಟರ್ ಆಚೆಯ ದೋಣಿಯಲ್ಲಿ ಕುಳಿತವನು ಬೆಳಕನ್ನು ಕಂಡಾಗಿನಿಂದ, ನೀರಿನಲ್ಲಿ ಅದ್ದಿದ ತುತ್ತೂರಿಯಲ್ಲಿ ಗಂಟೆ ಕೇಳುವವರೆಗಿನ ಹೊತ್ತನ್ನು ಎಣಿಸುವುದು. ಅವರಿಗೆ ದೊರೆತ ವೇಗ ಸೆಕೆಂಡಿಗೆ ೧,೪೩೫ ಮೀಟರ್. ಉಪ್ಪುನೀರಿನಲ್ಲಿ ಅದು ಸುಮಾರು ೧,೫೦೦. ಗಾಳಿಯಲ್ಲಾದರೋ ೩೪೦ರ ಆಸುಪಾಸು. ವೇಗಕ್ಕಿಂತಲೂ ಗಮನಿಸಬೇಕಾದುದು ಈ ೧೩ ಕಿಲೋಮೀಟರನ್ನು. ಒಬ್ಬ ಮನುಷ್ಯ ಬಾರಿಸಿದ ಗಂಟೆ ಅಷ್ಟು ದೂರ ಕೇಳಿಸಿತು. ತಗ್ಗು ಸ್ಥಾಯಿಯ ಶಬ್ದವನ್ನು ನೀರು ಬಹಳ ಕಡಿಮೆ ಹೀರಿಕೊಳ್ಳುವುದರಿಂದ ನೀಲಿ ತಿಮಿಂಗಿಲದ ಕೂಗು ನೂರಾರು ಕಿಲೋಮೀಟರ್ ಸಾಗಬಲ್ಲುದು. ಅದೇ ಕಾರಣದಿಂದ ಸುತ್ತಿಗೆಯ ಏಟೂ ಹತ್ತಾರು ಕಿಲೋಮೀಟರ್ ಸಾಗುತ್ತದೆ.

ಇಲ್ಲಿ ಭೌತವಿಜ್ಞಾನದ ಅಧ್ಯಾಪಕರ ಒಂದು ಗೊಣಗಾಟವನ್ನು ವಾಚಕರು ಸಹಿಸಿಕೊಳ್ಳಬೇಕು. ಸುತ್ತಿಗೆಯ ಸದ್ದು ೨೦೦ ಡೆಸಿಬೆಲ್‌ಗೂ ಹೆಚ್ಚು, ಆದುದರಿಂದ ಅದು ಜೆಟ್ ವಿಮಾನಕ್ಕಿಂತ ಲಕ್ಷಾಂತರ ಪಟ್ಟು ದೊಡ್ಡದು ಎಂಬಂತಹ ಬರಹಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಡೆಸಿಬೆಲ್ ಎಂಬುದು ಒಂದು ಅನುಪಾತ. ಗಾಳಿಯಲ್ಲಿ ಅದನ್ನು ಒಂದು ಮೂಲ ಒತ್ತಡದಿಂದ ಎಣಿಸುತ್ತಾರೆ, ನೀರಿನಲ್ಲಿ ಅದರ ಇಪ್ಪತ್ತನೆಯ ಒಂದು ಪಾಲಿನಿಂದ ಎಣಿಸುತ್ತಾರೆ. ಮೇಲಾಗಿ ನೀರು ಗಾಳಿಗಿಂತ ಬಹಳ ಗಡುಸಾದ ಮಾಧ್ಯಮ. ಶಬ್ದದ ತೀವ್ರತೆಯನ್ನು ಹೋಲಿಸಬೇಕಾದರೆ ನೀರಿನ ಅಂಕಿಯಿಂದ ಸುಮಾರು ೬೨ನ್ನು ಕಳೆಯಬೇಕು. ಹಾಗೆ ಕಳೆದ ಮೇಲೂ ಉಳಿಯುವುದು ಸಣ್ಣ ಸದ್ದೇನಲ್ಲ. ಆದರೆ ತಿಮಿಂಗಿಲದ ಪಕ್ಷವನ್ನು ವಹಿಸಲು ಸುಳ್ಳು ಲೆಕ್ಕದ ಆಸರೆ ಬೇಕಾಗಿಲ್ಲ.

ಇನ್ನು, ನಮ್ಮ ಕಡಲಿನಲ್ಲಿ ಈ ಸದ್ದನ್ನು ಕೇಳಬೇಕಾದವರು ಯಾರು? ಅರಬ್ಬೀ ಸಮುದ್ರದ ಗೂನುಬೆನ್ನಿನ ತಿಮಿಂಗಿಲದಿಂದ ಪ್ರಾರಂಭಿಸಬಹುದು. ಈ ಜಾತಿಯ ತಿಮಿಂಗಿಲಗಳು ಇತರ ಕಡಲುಗಳಲ್ಲಿ ಪ್ರತಿ ವರ್ಷವೂ ಧ್ರುವದ ಕಡೆಯ ತಣ್ಣೀರಿಗೂ ಉಷ್ಣವಲಯದ ಬೆಚ್ಚನೆಯ ನೀರಿಗೂ ವಲಸೆ ಹೋಗಿಬರುತ್ತವೆ. ಅರಬ್ಬೀ ಸಮುದ್ರದವು ಮಾತ್ರ ವರ್ಷವಿಡೀ ಇಲ್ಲಿಯೇ ಉಳಿಯುತ್ತವೆ. ವಂಶವಾಹಿಗಳ ಪರೀಕ್ಷೆಯ ಪ್ರಕಾರ ಇವು ಸುಮಾರು ೭೦,೦೦೦ ವರ್ಷಗಳಿಂದ ಉಳಿದವುಗಳಿಂದ ಬೇರೆಯಾಗಿವೆ. ಒಮಾನಿನ ಕರಾವಳಿಯಲ್ಲಿ ನಡೆದ ಎಣಿಕೆಯಂತೆ ಇವುಗಳ ಸಂಖ್ಯೆ ನೂರಕ್ಕಿಂತ ಕಡಿಮೆ. ೧೯೬೬ರಲ್ಲಿ ಸೋವಿಯೆತ್ ಬೇಟೆಹಡಗುಗಳು ನಿಯಮಗಳನ್ನು ಮೀರಿ ಈ ಕಡಲಿನಲ್ಲಿ ಸುಮಾರು ೨೪೦ ಗೂನುಬೆನ್ನಿನ ತಿಮಿಂಗಿಲಗಳನ್ನು ಕೊಂದುವೆಂಬ ಸಂಗತಿ ಹೊರಬಿದ್ದದ್ದು ಮೂವತ್ತು ವರ್ಷಗಳ ಮೇಲೆ. ಒಂದು ವರ್ಷದ ಆ ಬೇಟೆಯ ಅರ್ಧದಷ್ಟೂ ಇಂದು ಉಳಿದಿಲ್ಲ.

೨೦೧೭ರಲ್ಲಿ ಒಮಾನಿನ ಬಳಿ ಈ ತಿಮಿಂಗಿಲಗಳಲ್ಲಿ ಒಂದು ಹೆಣ್ಣಿಗೆ ಉಪಗ್ರಹದೊಡನೆ ಮಾತಾಡುವ ಗುರುತಿನ ಯಂತ್ರವನ್ನು ತೊಡಿಸಿದರು. ಅದರ ಹೆಸರು ಲುಬಾನ್. ಅರಬ್ಬಿಯಲ್ಲಿ ಧೂಪದ ಅಂಟಿಗೆ ಆ ಹೆಸರು. ಚನ್ನಪಟ್ಟಣದ ಅಂಗಡಿಗಳಲ್ಲಿ ಲೋಬಾನ ಎನ್ನುವುದೂ ಅದೇ ಮಾತು. ಆ ವರ್ಷದ ಕೊನೆಯಲ್ಲಿ ಲುಬಾನ್ ೧,೫೦೦ ಕಿಲೋಮೀಟರಿಗೂ ಹೆಚ್ಚು ಅಗಲದ ಸಮುದ್ರವನ್ನು ಅಡ್ಡಹಾಯ್ದು ಗೋವೆಯ ಕಡಲಿಗೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಹೊರಟು ಕನ್ಯಾಕುಮಾರಿಯ ಬಳಿಯವರೆಗೆ ಹೋಗಿ, ಮತ್ತೆ ಒಮಾನಿಗೆ ಹಿಂದಿರುಗಿತು. ಗೋವೆಯಿಂದ ಕನ್ಯಾಕುಮಾರಿಗೆ ಹೋಗುವ ದಾರಿಯಲ್ಲಿ ಕಾರವಾರ, ಭಟ್ಕಳ, ಮಂಗಳೂರುಗಳ ಮುಂದಣ ಕಡಲು ಇದೆಯಷ್ಟೆ. ನಮ್ಮ ರಾಜ್ಯದ ಮಗ್ಗುಲಲ್ಲಿಯೇ ಅದು ಹಾದುಹೋದುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಗೋವೆಯ ಬಳಿಯ ನೀರಿನಲ್ಲಿ ಗೂನುಬೆನ್ನಿನ ಗಂಡು ತಿಮಿಂಗಿಲಗಳ ಹಾಡು ಯಂತ್ರಗಳಲ್ಲಿ ದಾಖಲಾಗಿದೆ. ಲಕ್ಷದ್ವೀಪದ ಕವರತ್ತಿಯ ಬಳಿ ೨೦೧೮ರ ಕೊನೆಯಲ್ಲಿ ಇಳಿಬಿಟ್ಟ ಯಂತ್ರಗಳಲ್ಲಿ ನೀಲಿ ತಿಮಿಂಗಿಲದ ಕೂಗು ದೊರೆತಿದೆ. ಎಂದರೆ, ಕಿವಿ ಇಟ್ಟ ಕಡೆಯಲ್ಲೆಲ್ಲ ಏನೋ ಒಂದು ಕೇಳಿಸಿದೆ.

ತಮಿಳುನಾಡಿನ ಕಡೆಯದೂ ಬರಿದಾದ ಕಡಲಲ್ಲ. ೨೦೧೬ರ ಜನವರಿಯಲ್ಲಿ ತಿರುಚೆಂದೂರಿನ ಸುತ್ತಲಿನ ಮರಳಿಗೆ ೮೦ಕ್ಕೂ ಮೇಲ್ಪಟ್ಟು ಪೈಲಟ್ ತಿಮಿಂಗಿಲಗಳು ಬಂದು ಬಿದ್ದವು; ೧೯೭೩ರಲ್ಲಿಯೂ ಅದೇ ಕರಾವಳಿಯಲ್ಲಿ ಹೀಗೆಯೇ ಆಗಿತ್ತು. ಮನ್ನಾರ್ ಕೊಲ್ಲಿಗೆ ಹೊಂದಿಕೊಂಡಿರುವ ಪಾಕ್ ಕೊಲ್ಲಿಯಲ್ಲಿ, ಕಡಲ ಹುಲ್ಲನ್ನು ಮೇಯುವ ಕಡಲಹಸುವಿಗಾಗಿ ತಮಿಳುನಾಡು ಸರ್ಕಾರವು ೨೦೨೨ರಲ್ಲಿ ೪೪೮ ಚದರ ಕಿಲೋಮೀಟರಿನ ರಕ್ಷಿತ ಪ್ರದೇಶವನ್ನು ಘೋಷಿಸಿತು. ನಮ್ಮ ದೇಶದ ತಿಮಿಂಗಿಲ ಜ್ಞಾನದ ಬಹುಭಾಗ ದಡಕ್ಕೆ ಬಂದು ಬಿದ್ದ ಹೆಣಗಳಿಂದ ಸಂಪಾದಿಸಿದುದೆಂಬುದನ್ನು ಇಲ್ಲಿ ಹೇಳದೆ ಗತ್ಯಂತರವಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿ ಆನೆಗಳ ಪಂಕ್ತಿಯಲ್ಲಿ, ತಿಮಿಂಗಿಲಕ್ಕೂ ಸ್ಥಾನವಿದೆ. ಹುಲಿಯ ಹೆಜ್ಜೆಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ನಾವು ತಿಮಿಂಗಿಲ ತಾನಾಗಿ ಸತ್ತು ಬರಲೆಂದು ಕಾಯುತ್ತೇವೆ.

ಈಗ ಕಾವಲಿನ ಉಪಕರಣಗಳ ಸಂಗತಿಗೆ ಬರೋಣ. ಎಲ್ಲಕ್ಕಿಂತ ಹಳೆಯದು ಕಣ್ಣು. ತರಬೇತಿ ಪಡೆದವರು ದುರ್ಬೀನು ಹಿಡಿದು ಹಡಗಿನ ಮೇಲೆ ನಿಲ್ಲುತ್ತಾರೆ. ಬ್ರಿಟನ್ನಿನಲ್ಲಿ ೨೦೧೦ರಲ್ಲಿ ಹೊರಬಂದ ನಿಯಮಾವಳಿಯಂತೆ, ಬಡಿಯಲು ತೊಡಗುವುದಕ್ಕೆ ಮುಂಚೆ ಕಡಿಮೆಯೆಂದರೆ ೩೦ ನಿಮಿಷಗಳ ಕಾಲ, ಸುತ್ತ ಕಡಿಮೆಯೆಂದರೆ ೫೦೦ ಮೀಟರಿನ ವೃತ್ತದೊಳಗೆ ಯಾವ ಕಡಲ ಸಸ್ತನಿಯೂ ಇಲ್ಲವೆಂದು ನೋಡಿಕೊಳ್ಳಬೇಕು. ತರುವಾಯ ಮೆಲ್ಲನೆಯ ಏಟುಗಳಿಂದ ಆರಂಭಿಸಿ ೨೦ ನಿಮಿಷಗಳಿಗೆ ಕಡಿಮೆಯಿಲ್ಲದಂತೆ ಕ್ರಮೇಣ ಬಲವನ್ನು ಏರಿಸಬೇಕು. ಕಲ್ಲುಗಣಿಯ ಕೂಗು ಬಾವುಟಗಳ ಕಡಲ ರೂಪ ಇದೇ. ಆದರೆ ರಾತ್ರಿಯಲ್ಲಿ, ಮಂಜಿನಲ್ಲಿ, ಅಲೆಯೆದ್ದಾಗ ಕಣ್ಣು ಏನು ಮಾಡೀತು? ಒಂದು ಗಂಟೆಯವರೆಗೆ ನೀರಿನಡಿಯಲ್ಲಿಯೇ ಇರಬಲ್ಲ ಸ್ಪರ್ಮ್ ತಿಮಿಂಗಿಲವು ಅರ್ಧ ಗಂಟೆಯ ಕಾವಲನ್ನು ಉಸಿರು ಬಿಗಿಹಿಡಿದೇ ದಾಟಿಬಿಡುತ್ತದೆ.

ರಾತ್ರಿಯ ಕಣ್ಣಾಗಿ ಶಾಖವನ್ನು ಕಾಣುವ ಕ್ಯಾಮೆರಾ ಬಂದಿದೆ. ತಿಮಿಂಗಿಲದ ಮೈಬಿಸಿಯ ಉಸಿರು ಕಾರಂಜಿಯಂತೆ ಎದ್ದಾಗ, ಸುತ್ತಲಿನ ನೀರಿಗಿಂತ ಅದು ಬೇರೆಯಾಗಿ ತೋರುತ್ತದೆ. ಜರ್ಮನಿಯ ಧ್ರುವಸಂಶೋಧಕರು ತಮ್ಮ ಹಡಗಿನ ಮೇಲೆ ಸುತ್ತ ತಿರುಗುವ ಇಂತಹ ಕ್ಯಾಮೆರಾವನ್ನಿಟ್ಟು ಕೆಲವು ಕಿಲೋಮೀಟರ್ ದೂರದ ಉಸಿರನ್ನೂ ಗುರುತಿಸಿದ್ದಾರೆ. ಹಿಮದ ಕಡಲಿನಲ್ಲಿ ಇದು ಸೊಗಸಾಗಿ ನಡೆಯುತ್ತದೆ. ೨೮–೩೦ ಡಿಗ್ರಿಯ ನಮ್ಮ ಕಡಲಿನಲ್ಲಿ ಉಸಿರಿಗೂ ನೀರಿಗೂ ಇರುವ ಶಾಖದ ಅಂತರವೇ ಕಡಿಮೆ. ಆದುದರಿಂದ ಆ ಯಂತ್ರವನ್ನು ತಂದು ನಿಲ್ಲಿಸಿದ ಮಾತ್ರಕ್ಕೆ ಅಲ್ಲಿಯ ದೂರವೇ ಇಲ್ಲಿಯೂ ದೊರೆಯುವುದೆಂದು ಭಾವಿಸಲಾಗದು.

ಉಳಿದದ್ದು ಕಿವಿ. ನಮ್ಮ ಮಟ್ಟಿಗೆ ಮುಖ್ಯವಾದ ಉಪಕರಣ ಇದೇ. ಹೈಡ್ರೊಫೋನ್ ಎಂಬುದು ಒತ್ತಡ ಬಿದ್ದಾಗ ವಿದ್ಯುತ್ತನ್ನು ಹುಟ್ಟಿಸುವ ಪಿಂಗಾಣಿಯ ಬಿಲ್ಲೆ; ನೀರು ಒಳಹೋಗದಂತೆ ಹೊದಿಕೆ ಹಾಕಿ ಅದನ್ನು ಕಡಲಿನಲ್ಲಿ ಇಳಿಬಿಡುತ್ತಾರೆ. ಒಂದೇ ಬಿಲ್ಲೆಯಿಂದ ಸದ್ದು ಉಂಟೆಂದು ತಿಳಿಯುತ್ತದೆಯೇ ಹೊರತು ಎಲ್ಲಿಂದ ಎಂದು ತಿಳಿಯುವುದಿಲ್ಲ. ೩ ಕಿಲೋಮೀಟರ್ ಅಂತರದಲ್ಲಿ ಎರಡನ್ನು ಇಳಿಬಿಟ್ಟೆವೆನ್ನೋಣ. ತಿಮಿಂಗಿಲದ ಕೂಗು ಎರಡಕ್ಕೂ ಒಂದೇ ಕ್ಷಣದಲ್ಲಿ ತಲಪಿದರೆ ಅದು ಎರಡರಿಂದಲೂ ಸಮದೂರದಲ್ಲಿದೆ. ಒಂದಕ್ಕೆ ಎರಡು ಸೆಕೆಂಡ್ ಮೊದಲೇ ತಲಪಿದರೆ ಎರಡನ್ನೂ ಸೇರಿಸುವ ಗೆರೆಯ ಮೇಲೆಯೇ, ಅದರ ಪಕ್ಕದಲ್ಲಿದೆ. ನಡುವಣ ಪ್ರತಿಯೊಂದು ಕಾಲಾಂತರಕ್ಕೂ ಒಂದೊಂದು ವಕ್ರರೇಖೆ. ಮೂರನೆಯ ಕಿವಿಯನ್ನೂ ಇಟ್ಟರೆ ವಕ್ರರೇಖೆಗಳು ಒಂದನ್ನೊಂದು ಕತ್ತರಿಸಿ ತಿಮಿಂಗಿಲದ ಜಾಗವನ್ನು ತೋರಿಸುತ್ತವೆ. ಪಿ.ಯು. ತರಗತಿಯಲ್ಲಿ ಅತಿಪರವಲಯ ಎಂದು ಕಲಿತು, ಪರೀಕ್ಷೆ ಮುಗಿದೊಡನೆ ಮರೆತ ರೇಖೆಗಳು ಇವೇ.

ಆದರೆ ಎಲ್ಲರಿಗೂ ಒಂದೇ ಕಿವಿ ಸಾಲದು. ನೀಲಿ ತಿಮಿಂಗಿಲದ ಕೂಗು ಸೆಕೆಂಡಿಗೆ ನೂರಕ್ಕಿಂತ ಕಡಿಮೆ ಕಂಪನಗಳದು. ೨೦ ಕಂಪನದ ಅಲೆಯ ಉದ್ದವೇ ನೀರಿನಲ್ಲಿ ೭೫ ಮೀಟರ್. ಮಂಗಳೂರಿನ ಕಡೆ ದಡದ ಸಮೀಪದಲ್ಲಿಯೇ ಬಾಳುವ, ಬೆನ್ನಿನ ರೆಕ್ಕೆಯಿಲ್ಲದ ಪಾರ್ಪಸ್ ಎಂಬ ಸಣ್ಣ ಪ್ರಾಣಿಯ ‘ಟಿಕ್’ ಸದ್ದು ಸೆಕೆಂಡಿಗೆ ಲಕ್ಷಕ್ಕೂ ಮೀರಿದ ಕಂಪನಗಳದು. ಅದರ ಅಲೆ ಒಂದು ಸೆಂಟಿಮೀಟರ್ ಚಿಲ್ಲರೆ. ಅಂತಹ ಕಿರುಸದ್ದನ್ನು ನೀರು ಬೇಗನೆ ನುಂಗಿಬಿಡುವುದರಿಂದ ಕೆಲವು ನೂರು ಮೀಟರಿನಾಚೆ ಅದು ಕೇಳದು. ಆದುದರಿಂದ ದೂರದ ದೊಡ್ಡವರಿಗೆ ಕೆಲವೇ ಕಿವಿಗಳು ಸಾಕು, ಹತ್ತಿರದ ಸಣ್ಣವರಿಗೆ ದಟ್ಟವಾಗಿ ಇಡಬೇಕು. ಒಂದು ತೇಲುಬುಂಡೆಯನ್ನು ಕಟ್ಟಿ ‘ತಿಮಿಂಗಿಲ ಕಾವಲು ಮಾಡಿದ್ದೇವೆ’ ಎಂದು ವರದಿ ಬರೆದುಕೊಟ್ಟರೆ ಒಪ್ಪತಕ್ಕದ್ದಲ್ಲ.

ಹೊಸ ಸಾಧನಗಳಲ್ಲಿ ಎರಡನ್ನು ಹೆಸರಿಸಬೇಕು. ಅಮೆರಿಕದ ಪೂರ್ವ ಕರಾವಳಿಯಲ್ಲಿ, ಎಂಜಿನ್ನಿನ ಗದ್ದಲವಿಲ್ಲದೆ ಮುಳುಗುತ್ತ ತೇಲುತ್ತ ವಾರಗಟ್ಟಲೆ ಸಂಚರಿಸುವ ಗ್ಲೈಡರ್ ಯಂತ್ರಗಳು ತಿಮಿಂಗಿಲದ ಕೂಗನ್ನು ತಾವೇ ಗುರುತಿಸಿ ಉಪಗ್ರಹದ ಮೂಲಕ ದಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಎರಡನೆಯದು ಇನ್ನೂ ಸೋಜಿಗದ್ದು: ಕಡಲ ತಳದಲ್ಲಿ ಹಾಸಿರುವ ಟೆಲಿಫೋನಿನ ಗಾಜಿನ ತಂತಿಯೊಳಕ್ಕೆ ಲೇಸರ್ ಬೆಳಕನ್ನು ಬಿಟ್ಟು, ಶಬ್ದದಿಂದ ತಂತಿ ಎಳ್ಳಷ್ಟು ಹಿಗ್ಗಿ ಕುಗ್ಗಿದರೂ ಹಿಂದಿರುಗುವ ಬೆಳಕಿನಲ್ಲಾಗುವ ವ್ಯತ್ಯಾಸದಿಂದ ಅದನ್ನು ಕಂಡುಹಿಡಿಯುವುದು. ಆರ್ಕ್‌ಟಿಕ್‌ನ ಸ್ವಾಲ್‌ಬಾರ್ಡಿನಲ್ಲಿ ಹೀಗೆ ತಿಮಿಂಗಿಲಗಳನ್ನು ಕೇಳಿದ ವರದಿ ೨೦೨೨ರಲ್ಲಿ ಪ್ರಕಟವಾಯಿತು. ಗಾಳಿಯಂತ್ರಗಳಿಂದ ದಡಕ್ಕೆ ವಿದ್ಯುತ್ತನ್ನು ತರುವ ಕೇಬಲ್ಲಿನೊಳಗೂ ಗಾಜಿನ ತಂತಿ ಇದ್ದೇ ಇರುತ್ತದೆ.

ಕಿವಿಗೂ ಒಂದು ದೊಡ್ಡ ಕೊರತೆಯುಂಟು. ಸುಮ್ಮನಿರುವವರು ಅದಕ್ಕೆ ಕೇಳಿಸುವುದಿಲ್ಲ. ಗೂನುಬೆನ್ನಿನ ತಿಮಿಂಗಿಲಗಳಲ್ಲಿ ಹಾಡುವುದು ಗಂಡು. ಮರಿಯೊಡನಿರುವ ತಾಯಿ ಬಹುಮಟ್ಟಿಗೆ ಮೌನಿ. ಅಳಿವಿನ ಅಂಚಿನ ಈ ಬಳಗದಲ್ಲಿ ಯಾರನ್ನು ಎಲ್ಲರಿಗಿಂತ ಮೊದಲು ಕಾಪಾಡಬೇಕೋ ಅವರೇ ಯಂತ್ರದ ಕಣ್ಣು ತಪ್ಪಿಸುವವರು. ಸದ್ದಿಲ್ಲ ಎಂದರೆ ತಿಮಿಂಗಿಲವಿಲ್ಲ ಎಂದು ಅರ್ಥವಲ್ಲ. ಆದುದರಿಂದಲೇ ಒಂದು ದಿನದ, ಅರ್ಧ ಗಂಟೆಯ ಮೌನಕ್ಕೆ ಹೆಚ್ಚು ಬೆಲೆಯಿಲ್ಲ. ಮೂರು ನಾಲ್ಕು ವರ್ಷಗಳ ಕಾಲ ಕೇಳಿ, ಇಂತಹ ತಿಂಗಳಿನಲ್ಲಿ ಗಂಡುಗಳ ಹಾಡು ಕೇಳುತ್ತದೆ, ಆದುದರಿಂದ ಹೆಣ್ಣುಗಳೂ ಮರಿಗಳೂ ಆಸುಪಾಸಿನಲ್ಲಿರಬಹುದು ಎಂದು ಊಹಿಸಿ, ಆ ತಿಂಗಳುಗಳಲ್ಲಿ ಬಡಿಯುವುದನ್ನೇ ಬಿಡುವುದು ಮೇಲು. ೨೦೧೯ರಲ್ಲಿ ಅಮೆರಿಕದ ವಿನ್‌ಯಾರ್ಡ್ ವಿಂಡ್ ಎಂಬ ಯೋಜನೆಯವರು ಪರಿಸರ ಸಂಸ್ಥೆಗಳೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ಅಳಿವಿನಂಚಿನ ರೈಟ್ ತಿಮಿಂಗಿಲಗಳ ಸಲುವಾಗಿ ಜನವರಿಯಿಂದ ಏಪ್ರಿಲ್ ಕೊನೆಯವರೆಗೆ ಬಡಿಯಕೂಡದೆಂಬ ಷರತ್ತಿತ್ತು. ಯಾವ ತಿಂಗಳುಗಳೆಂಬುದು ಅವರಿಗೆ ತಿಳಿದಿದ್ದುದು ದಶಕಗಳ ದಾಖಲೆಗಳಿಂದ. ನಮ್ಮಲ್ಲಿ ಅದೇ ಷರತ್ತನ್ನು ಹಾಕಬೇಕೆಂದರೆ ಯಾವ ತಿಂಗಳನ್ನು ಬರೆಯುವುದು? ಜೂನಿನಿಂದ ಸೆಪ್ಟೆಂಬರಿನವರೆಗೆ ಮುಂಗಾರಿನ ಅಲೆಗಳಲ್ಲಿ ಯಾರೂ ಕಂಬ ನೆಡಲಾರರು. ಕೆಲಸಗಾರರಿಗೆ ಬೇಕಾದುದು ಚಳಿಗಾಲದ ಶಾಂತವಾದ ಕಡಲು. ಲುಬಾನ್ ನಮ್ಮ ದಡದತ್ತ ಬಂದುದೂ ಚಳಿಗಾಲದಲ್ಲಿಯೇ. ಒಂದು ತಿಮಿಂಗಿಲದ ಒಂದು ಪ್ರವಾಸದಿಂದ ನಿಯಮವನ್ನು ಮಾಡಲಾಗದು, ನಿಜ. ನಿಯಮವನ್ನು ಮಾಡುವಷ್ಟು ಕೇಳಿಲ್ಲವೆಂಬುದೇ ನಮ್ಮ ದೂರು.

ಇನ್ನೊಂದು ಸಣ್ಣ ಲೆಕ್ಕ. ಡೆನ್ಮಾರ್ಕಿನ ಹಾರ್ನ್ಸ್ ರೆವ್ ಎಂಬಲ್ಲಿ ೨೦೦೨ರಲ್ಲಿ ಕಂಬಗಳನ್ನು ಬಡಿಯುವಾಗ, ಸುಮಾರು ೨೦ ಕಿಲೋಮೀಟರ್ ದೂರದಲ್ಲಿಯೂ ಪಾರ್ಪಸ್‌ಗಳ ನಡವಳಿಕೆ ಬದಲಾದುದನ್ನು ನೀರೊಳಗಿನ ಯಂತ್ರಗಳು ತೋರಿಸಿದವು. ೫೦೦ ಮೀಟರಿನ ವೃತ್ತವನ್ನು ಕಾಯುವವನು, ೨೦ ಕಿಲೋಮೀಟರಿನ ವೃತ್ತದ ೧,೬೦೦ರಲ್ಲಿ ಒಂದು ಪಾಲನ್ನು ಕಾಯುತ್ತಾನೆ. ಕಿವಿಗೆ ನೇರವಾದ ಗಾಯವಾಗದಂತೆ ಅವನು ತಡೆದಾನು. ಓಡಿಹೋದವರನ್ನು ಕುರಿತು ಅವನು ಏನೂ ಹೇಳಲಾರ. ಆ ಪ್ರಾಣಿಗಳು ಮೊದಲು ಎಷ್ಟಿದ್ದುವು, ಬಡಿದಾಗ ಎಷ್ಟಾದುವು, ತರುವಾಯ ಮರಳಿದುವೆ ಎಂಬುದನ್ನು ಹೇಳಬೇಕಾದರೆ ‘ಮೊದಲಿನ’ ಲೆಕ್ಕ ಇರಲೇಬೇಕು. ಬಡಿಯುವ ದಿನ ಕಾವಲುಗಾರನನ್ನು ಕರೆತರುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಸದ್ದನ್ನೇ ಕಡಿಮೆ ಮಾಡುವ ಉಪಾಯಗಳೂ ಇವೆ. ಜರ್ಮನಿಯಲ್ಲಿ, ಕಂಬದಿಂದ ೭೫೦ ಮೀಟರ್ ದೂರದಲ್ಲಿ ಒಂದು ಏಟಿನ ಶಬ್ದದ ಮಟ್ಟವು ೧೬೦ ಡೆಸಿಬೆಲ್ಲನ್ನು ಮೀರಕೂಡದೆಂದು ಕಟ್ಟಳೆ. ಅದಕ್ಕಾಗಿ ಕಂಬದ ಸುತ್ತ ತಳದಲ್ಲಿ ತೂತುಕೊಳವೆಯನ್ನು ಹಾಸಿ, ಗಾಳಿಯನ್ನೂದಿ, ಗುಳ್ಳೆಗಳ ತೆರೆಯನ್ನು ಎಬ್ಬಿಸುತ್ತಾರೆ. ಗಾಜಿನ ಲೋಟಕ್ಕೆ ಸೋಡಾ ಸುರಿದು ಕೂಡಲೆ ಚಮಚದಿಂದ ತಟ್ಟಿ ನೋಡಿ. ಗುಳ್ಳೆಗಳಿರುವಾಗ ನಾದ ಮಂದವಾಗಿದ್ದು, ಅವು ಹೊರಟುಹೋದಂತೆ ಏರುತ್ತದೆ. ಗುಳ್ಳೆಗಳು ಬೆರೆತ ನೀರು ಶಬ್ದದ ಮಟ್ಟಿಗೆ ನೀರೇ ಅಲ್ಲ.

ಈ ವಾದದಲ್ಲಿ ನಮಗೆ ಎರಡು ಕಡೆಯವರೊಡನೆಯೂ ಜಗಳವಿದೆ. ತಿಮಿಂಗಿಲದ ಹೆಸರು ಹೇಳಿ ಗಾಳಿಯಂತ್ರವೇ ಬೇಡವೆನ್ನುವವರು ಅಮೆರಿಕದಲ್ಲಿ ಬಹಳ ಮಂದಿ. ೨೦೧೬ರಿಂದ ಅಲ್ಲಿಯ ಪೂರ್ವ ಕರಾವಳಿಯಲ್ಲಿ ಗೂನುಬೆನ್ನಿನ ತಿಮಿಂಗಿಲಗಳು ಹೆಚ್ಚಾಗಿ ಸಾಯುತ್ತಿರುವುದಕ್ಕೆ ಗಾಳಿಯಂತ್ರಗಳ ಸಮೀಕ್ಷೆಯೇ ಕಾರಣವೆಂದು ಅವರು ದೂರಿದರು. ಪರೀಕ್ಷಿಸಿದ ಹೆಣಗಳಲ್ಲಿ ಸುಮಾರು ನೂರಕ್ಕೆ ನಲವತ್ತರಲ್ಲಿ ಕಂಡುಬಂದುದು ಹಡಗು ಡಿಕ್ಕಿ ಹೊಡೆದ ಅಥವಾ ಬಲೆಹಗ್ಗ ಸುತ್ತಿಕೊಂಡ ಗುರುತು. ಸಮೀಕ್ಷೆಯನ್ನು ದೂರಲು ಆಧಾರ ದೊರೆಯಲಿಲ್ಲ. ಕಲ್ಲಿದ್ದಲಿನ ಹೊಗೆಯಿಂದ ಕಾಯುವ ಕಡಲು ತಿಮಿಂಗಿಲಕ್ಕೂ ಹಿತವಲ್ಲ. ನಮಗೆ ಗಾಳಿಯಂತ್ರ ಬೇಕು. ಇನ್ನೊಂದು ಕಡೆಯವರು, ಬಡ ದೇಶಕ್ಕೆ ಈ ಶೋಕಿ ಏತಕ್ಕೆ ಎನ್ನುತ್ತಾರೆ. ೭,೪೫೩ ಕೋಟಿ ರೂಪಾಯಿಗಳ ನೆರವು ನೀಡುವ ದೇಶಕ್ಕೆ ಕೆಲವು ಡಜನ್ ಹೈಡ್ರೊಫೋನುಗಳ ವೆಚ್ಚವು ಅಡಿಗೆಯಲ್ಲಿ ಉಪ್ಪಿನಷ್ಟೂ ಅಲ್ಲ.

ವೆಚ್ಚಕ್ಕಿಂತ ಕಠಿಣವಾದುದು ಅಧಿಕಾರದ ಪ್ರಶ್ನೆ. ‘ನಿಲ್ಲಿಸಿ’ ಎಂದು ಹೇಳಬೇಕಾದ ಕಾವಲುಗಾರನಿಗೆ ಸಂಬಳ ಕೊಡುವವನು, ನಿಲ್ಲಿಸಿದರೆ ನಷ್ಟ ಹೊಂದುವವನೇ ಆದರೆ, ಯಂತ್ರ ಎಷ್ಟು ಸೂಕ್ಷ್ಮವಾಗಿದ್ದೇನು ಪ್ರಯೋಜನ? ಯಂತ್ರದ ಸೂಕ್ಷ್ಮತೆಯನ್ನು ಹೆಚ್ಚಿಸಿದರೆ ದೂರದ ಹಡಗಿನ ಗುರುಗುರು ಸದ್ದನ್ನೂ ತಿಮಿಂಗಿಲವೆಂದು ತಪ್ಪು ತಿಳಿಯುತ್ತದೆ. ತಗ್ಗಿಸಿದರೆ ನಿಜವಾದ ತಿಮಿಂಗಿಲವೇ ತಪ್ಪಿಹೋಗುತ್ತದೆ. ಆ ತಿರುಪನ್ನು ಎಲ್ಲಿ ನಿಲ್ಲಿಸಬೇಕೆಂಬುದು ಭೌತವಿಜ್ಞಾನ ಹೇಳುವ ಮಾತಲ್ಲ. ಬಡಿಯುವವರು ತಿರುಪನ್ನು ಮುಟ್ಟದಂತೆ, ಕಾವಲಿನವರ ಸಂಬಳವನ್ನು ಸರ್ಕಾರದ ಬೇರೊಂದು ಖಾತೆಯಿಂದ ಕೊಡುವಂತೆ, ದಾಖಲೆಯಾದ ಶಬ್ದಗಳೆಲ್ಲ ಯಾವ ಕಾಲೇಜಿನ ವಿದ್ಯಾರ್ಥಿಗಾದರೂ ದೊರೆಯುವಂತೆ ಟೆಂಡರಿನ ಕರಾರಿನಲ್ಲಿಯೇ ಬರೆಯಬೇಕು.

ವಿದ್ಯಾರ್ಥಿಗಳ ಮಾತು ಬಂದುದರಿಂದ, ಮತ್ತೆ ನಮ್ಮ ಬೆಟ್ಟಗಳ ನಡುವಿಗೆ ಬರುತ್ತೇವೆ. ಗೂನುಬೆನ್ನಿನ ತಿಮಿಂಗಿಲದ ಹಾಡನ್ನು ಅಭ್ಯಾಸ ಮಾಡಿದವರಲ್ಲಿ ಕೇಟಿ ಪೇನ್ ಒಬ್ಬರು. ೧೯೮೪ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನ ಮೃಗಾಲಯದಲ್ಲಿ ಏಷ್ಯದ ಆನೆಗಳ ಪಕ್ಕದಲ್ಲಿ ನಿಂತಿದ್ದಾಗ, ಕಿವಿಗೆ ಏನೂ ಕೇಳದಿದ್ದರೂ ಗಾಳಿಯಲ್ಲಿ ಒಂದು ಮಿಡಿತವನ್ನು ಆಕೆ ಅನುಭವಿಸಿದರು. ಯಂತ್ರಗಳಿಂದ ಪರೀಕ್ಷಿಸಿದಾಗ, ಆನೆಗಳು ಸೆಕೆಂಡಿಗೆ ೧೪ರಿಂದ ೨೪ ಕಂಪನಗಳ ಮಂದ್ರ ಶಬ್ದದಲ್ಲಿ ಒಂದನ್ನೊಂದು ಕರೆಯುತ್ತವೆಂದು ತಿಳಿದುಬಂತು. ತಿಮಿಂಗಿಲಕ್ಕೆ ಪಳಗಿದ ಕಿವಿಯೇ ಆನೆಯ ಗುಟ್ಟನ್ನು ಬಯಲು ಮಾಡಿತು. ಆ ಆನೆಗಳು ಕನಕಪುರದ ಕಾವೇರಿ ವನ್ಯಧಾಮದ ಅಂಚಿನ ರೈತರ ರಾಗಿಹೊಲಗಳಿಗೆ ರಾತ್ರಿ ಇಳಿಯುತ್ತವೆ. ಕಾಡಿನಂಚಿನಲ್ಲಿ ಮೂರು ಕಡೆ ಮಂದ್ರ ಶಬ್ದವನ್ನು ಹಿಡಿಯುವ ಯಂತ್ರಗಳನ್ನಿಟ್ಟು, ಮೇಲೆ ಹೇಳಿದ ಕಾಲಾಂತರದ ಲೆಕ್ಕವನ್ನೇ ಮಾಡಿದರೆ ಹಿಂಡು ಯಾವ ದಿಕ್ಕಿನಲ್ಲಿದೆಯೆಂದು ಅಂದಾಜು ಸಿಗಬಹುದು. ಕಲ್ಲುಗಣಿಯ ಸಿಡಿತವಾದ ರಾತ್ರಿ ಅವುಗಳ ಮಾತು ಹೆಚ್ಚುವುದೋ ನಿಲ್ಲುವುದೋ ಎಂಬುದನ್ನೂ ಬರೆದುಕೊಳ್ಳಬಹುದು.

ನೀರಿನ ಪಾಠಕ್ಕೆ ಚನ್ನಪಟ್ಟಣದ ಸಮೀಪದ ಕಣ್ವ ಜಲಾಶಯವೂ ಮಾಗಡಿ ತಾಲ್ಲೂಕಿನ ಮಂಚನಬೆಲೆಯೂ ಇವೆ. ಪಿಂಗಾಣಿಯ ಬಿಲ್ಲೆ ಪೇಟೆಯಲ್ಲಿ ಅಗ್ಗವಾಗಿ ಸಿಗುತ್ತದೆ. ತಂತಿ ಬೆಸೆದು, ಎಪಾಕ್ಸಿ ಅಂಟಿನಲ್ಲಿ ಮುಳುಗಿಸಿ ಒಣಗಿಸಿದರೆ ಹೈಡ್ರೊಫೋನಿನ ಒಂದು ಬಡ ರೂಪ ಸಿದ್ಧ. ಎರಡನ್ನು ಅಳತೆಯ ದೂರದಲ್ಲಿ ಇಳಿಬಿಟ್ಟು, ನೀರೊಳಗೆ ಎರಡು ಕಲ್ಲುಗಳನ್ನು ತಾಕಿಸಿ, ಕೊಲ್ಲಾಡನ್ ಕಂಡ ವೇಗವನ್ನು ಬಿ.ಎಸ್‌ಸಿ. ತರಗತಿಯ ಹುಡುಗ ಹುಡುಗಿಯರು ಒಂದು ಮಧ್ಯಾಹ್ನದಲ್ಲಿ ಕಂಡುಕೊಳ್ಳಬಹುದು. ಆಮೇಲೆ ಯಂತ್ರವನ್ನು ಒಂದು ರಾತ್ರಿ ಅಲ್ಲಿಯೇ ಬಿಟ್ಟು, ಮೀನು, ಮಳೆಹನಿ, ದೂರದ ಪಂಪು, ಗಣಿಯ ಸಿಡಿತ, ಯಾವುದು ಯಾವುದೆಂದು ಬೇರ್ಪಡಿಸಿ ಪಟ್ಟಿ ಮಾಡಲಿ. ಮನ್ನಾರ್ ಕೊಲ್ಲಿಯಲ್ಲಿ ಸುತ್ತಿಗೆ ಏಳುವ ವೇಳೆಗೆ ದಾಖಲೆಗಳನ್ನು ಹೀಗೆ ಕೂತು ಕೇಳಬಲ್ಲ ಕೆಲವು ನೂರು ಮಂದಿ ನಮ್ಮ ದೇಶಕ್ಕೆ ಬೇಕಾಗುತ್ತಾರೆ. ಅವರ ತರಬೇತಿಗೆ ಕಡಲೇ ಬೇಕೆಂದಿಲ್ಲ. ಬರುವ ಬೇಸಿಗೆಯಲ್ಲಿ, ಜಲಾಶಯದ ನೀರು ತೀರ ಇಳಿಯುವುದಕ್ಕೆ ಮುಂಚೆ ತೊಡಗಿದರಾಯಿತು.